360 ಪಿಕ್ಸೆಲ್‌ನಲ್ಲಿ ಅಡಿಕೆ ಧಾರಣೆ: ವೆಬ್‌ಪುಟವನ್ನು ಬೇರೆ ಬೇರೆ ಪರದೆಗಳಲ್ಲಿ ಪರೀಕ್ಷಿಸುವ ಕ್ರಮ

ಶಿವಮೊಗ್ಗದ ಕಚೇರಿಯೊಂದರಲ್ಲಿ 24 ಇಂಚಿನ ಮಾನಿಟರ್ ಮೇಲೆ ತಯಾರಾದ ಪುಟವನ್ನು ಹೊಸನಗರದ ಬೆಳೆಗಾರರು ಅಂಗಳದಲ್ಲಿ ನಿಂತು ಫೋನಿನಲ್ಲಿ ನೋಡುತ್ತಾರೆ. ಹೋಂಸ್ಟೇ, ಬೆಳೆಗಾರರ ಸಂಘ, ದೇವಸ್ಥಾನದ ಜಾತ್ರೆ, ನರ್ಸರಿ, ಪುಟ ಯಾವುದೇ ಇರಲಿ, ಮಲೆನಾಡಿನ ಓದುಗರಿಗೆ ಮೊದಲು ಸಿಗುವುದು ಅದರ ಫೋನ್ ರೂಪ. ಆ ರೂಪವನ್ನು ಪರೀಕ್ಷಿಸುವುದೆಂದರೆ ಪಟ್ಟಿಯಲ್ಲಿರುವ ಹತ್ತು ಫೋನ್‌ಗಳ ಹೆಸರಿಗೆ ಸರಿಗುರುತು ಹಾಕುವುದಲ್ಲ. ನಿಜವಾದ ಕನ್ನಡ ಪಠ್ಯ ತುಂಬಿ, ಪುಟ ಯಾವ ಅಗಲದಲ್ಲಿ ಒಡೆಯುತ್ತದೆ, ಏಕೆ ಒಡೆಯುತ್ತದೆ ಎಂದು ಹುಡುಕುವುದು.

ಉದಾಹರಣೆಗೆ ಅಡಿಕೆ ಬೆಳೆಗಾರರ ಸಂಘವೊಂದರ ಜಾಲತಾಣವನ್ನು ಇಟ್ಟುಕೊಳ್ಳೋಣ. ಅದರಲ್ಲಿ ಜೋಗದ ದೊಡ್ಡ ಚಿತ್ರವಿರುವ ಮುಖಪುಟ, ಇಂದಿನ ಧಾರಣೆಯ ಕೋಷ್ಟಕ, ಸದಸ್ಯತ್ವದ ಅರ್ಜಿ ಇಷ್ಟಿವೆ. ಒಡೆಯಬಹುದಾದದ್ದೆಲ್ಲ ಈ ಮೂರರಲ್ಲೇ ಇದೆ.

ಮೊದಲು ಒಂದು ಸಾಲು, ಒಂದು ಲೆಕ್ಕ

ಪುಟದ ಹೆಡ್ ಭಾಗದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್, ಅಂದರೆ ಪುಟವನ್ನು ಎಷ್ಟು ಅಗಲದಲ್ಲಿ ಬಿಡಿಸಬೇಕೆಂದು ಬ್ರೌಸರಿಗೆ ಹೇಳುವ ಸಾಲು, ಇದೆಯೇ ನೋಡಿ. ಅದರಲ್ಲಿ ಅಗಲವನ್ನು ‘ಡಿವೈಸ್-ವಿಡ್ತ್’ ಎಂದೂ ಆರಂಭದ ಸ್ಕೇಲ್ ಅನ್ನು 1 ಎಂದೂ ಕೊಟ್ಟಿರಬೇಕು. ಈ ಸಾಲು ಇಲ್ಲದಿದ್ದರೆ ಫೋನಿನ ಬ್ರೌಸರ್ ಪುಟವನ್ನು 980 ಪಿಕ್ಸೆಲ್ ಅಗಲದ ಹಾಳೆ ಎಂದು ಎಣಿಸಿ, ಇಡಿಯಾಗಿ ಕುಗ್ಗಿಸಿ ತೋರಿಸುತ್ತದೆ. ಅಕ್ಷರ ಇರುವೆಯ ಸಾಲಿನಂತೆ ಕಾಣುತ್ತದೆ, ಚಿಕ್ಕ ಪರದೆಗೆಂದು ನೀವು ಬರೆದ ಮೀಡಿಯಾ ಕ್ವೆರಿಗಳು, ಅಂದರೆ ಪರದೆಯ ಅಳತೆಗೆ ತಕ್ಕಂತೆ ರೂಪ ಬದಲಿಸುವ ನಿಯಮಗಳು, ಕೆಲಸ ಮಾಡುವುದಿಲ್ಲ. ಇದೇ ಸಾಲಿನಲ್ಲಿ ಝೂಮ್ ತಡೆಯುವ ‘ಯೂಸರ್-ಸ್ಕೇಲಬಲ್’ ನಿರ್ಬಂಧ ಸೇರಿಸಿದ್ದರೆ ತೆಗೆಯಿರಿ. ಕನ್ನಡಕ ಮರೆತು ಬಂದವರಿಗೆ ಎರಡು ಬೆರಳಲ್ಲಿ ಹಿಗ್ಗಿಸಿ ಓದುವುದೊಂದೇ ದಾರಿ.

ಈಗ ಲೆಕ್ಕ. ಫೋನಿನ ಡಬ್ಬದ ಮೇಲೆ 1080 ಎಂದು ಬರೆದಿದ್ದರೂ ಪುಟದ ರೂಪವನ್ನು ನಿರ್ಧರಿಸುವ ನಿಮ್ಮ ಸಿಎಸ್‌ಎಸ್‌ಗೆ ಅಷ್ಟು ಸಿಗುವುದಿಲ್ಲ. ಪರದೆಯ ಅಗಲದಲ್ಲಿ ಮೂರು ಚುಕ್ಕಿ ಸೇರಿ ಒಂದು ಸಿಎಸ್‌ಎಸ್ ಪಿಕ್ಸೆಲ್ ಆದರೆ 1080ನ್ನು 3ರಿಂದ ಭಾಗಿಸಿ 360 ಸಿಗುತ್ತದೆ. 720 ಚುಕ್ಕಿಯ ಅಗ್ಗದ ಫೋನಿನಲ್ಲಿ ಅನುಪಾತ 2, ಅಲ್ಲೂ ಸಿಗುವುದು ಅದೇ 360. ನೆನಪಿಡಬೇಕಾದ ಅಗಲಗಳು ಕೆಲವೇ: 320, 360, 390, 412, 768, 1024, 1366, 1920. ಆಂಡ್ರಾಯ್ಡ್ ಫೋನ್‌ಗಳಲ್ಲಿ 360 ಮತ್ತು 412ರ ಆಸುಪಾಸು ಹೆಚ್ಚು. 320 ಏಕೆ ಬೇಕು ಎಂದರೆ, ವೆಬ್‌ಪುಟ ಎಲ್ಲರ ಬಳಕೆಗೂ ಸಿಗಬೇಕೆಂಬ 2018ರ ಡಬ್ಲ್ಯೂಸಿಎಜಿ 2.1 ಮಾನದಂಡದ ಪ್ರಕಾರ ಸಾಮಾನ್ಯ ಪಠ್ಯ 320 ಸಿಎಸ್‌ಎಸ್ ಪಿಕ್ಸೆಲ್ ಅಗಲದಲ್ಲಿ ಅಡ್ಡ ಸ್ಕ್ರಾಲ್ ಇಲ್ಲದೆ ಓದಲು ಸಿಗಬೇಕು. 1280 ಅಗಲದ ಕಂಪ್ಯೂಟರಿನಲ್ಲಿ 400 ಶೇಕಡಾ ಝೂಮ್ ಮಾಡಿದವರಿಗೆ ಸಿಗುವುದೂ ಇಷ್ಟೇ ಅಗಲ.

ತುಂಬುವುದು ನಿಜವಾದ ಪಠ್ಯವನ್ನೇ

ಅರ್ಥವಿಲ್ಲದ ಲ್ಯಾಟಿನ್ ಪಠ್ಯ ತುಂಬಿ ಪರೀಕ್ಷಿಸಿದ ವಿನ್ಯಾಸ ಕನ್ನಡ ಬಂದ ದಿನವೇ ಜಗ್ಗುತ್ತದೆ. ಇಂಗ್ಲಿಷಿನ ನಾಲ್ಕಕ್ಷರದ ‘ಬುಕ್’ ಬಟನ್ ಕನ್ನಡದಲ್ಲಿ ‘ಕಾಯ್ದಿರಿಸಿ’ ಆಗುತ್ತದೆ. ವಿಭಕ್ತಿ ಅಂಟಿ ‘ತೀರ್ಥಹಳ್ಳಿಯವರಿಗಾಗಿಯೇ’ ಎಂಬಂಥ ಪದ ಶೀರ್ಷಿಕೆಗೇ ಬರುತ್ತದೆ. ಆದ್ದರಿಂದ ಪರೀಕ್ಷೆಗೆ ಒಂದು ಕಟ್ಟು ಪಠ್ಯ ಸಿದ್ಧಮಾಡಿಡಿ: ಜಾಲತಾಣದಲ್ಲಿ ಬರಬಹುದಾದ ಅತಿ ಉದ್ದದ ಊರಿನ ಹೆಸರು, ಮೂರು ಸಾಲಿನ ಶೀರ್ಷಿಕೆ, ತಂದೆಯ ಹೆಸರು ಮತ್ತು ಮನೆತನದ ಹೆಸರು ಸೇರಿದ ಸದಸ್ಯರ ಹೆಸರು, ಒಡೆಯಲು ಜಾಗವೇ ಇಲ್ಲದ ಒಂದು ಇಮೇಲ್ ವಿಳಾಸ, ಐದಂಕಿಯ ಧಾರಣೆ. ಜೊತೆಗೆ ಖಾಲಿ ಸ್ಥಿತಿಯನ್ನೂ ನೋಡಿ. ಭಾನುವಾರ ಮಾರುಕಟ್ಟೆ ಇಲ್ಲದಾಗ ಕೋಷ್ಟಕ ಹೇಗೆ ಕಾಣುತ್ತದೆ ಎಂಬುದೂ ವಿನ್ಯಾಸದ ಭಾಗವೇ.

320ರಿಂದ ಮೇಲಕ್ಕೆ ಎಳೆಯುವುದು

ಕ್ರೋಮ್‌ನಲ್ಲಿ ಎಫ್12 ಒತ್ತಿ ಡೆವ್‌ಟೂಲ್ಸ್, ಅಂದರೆ ಪುಟವನ್ನು ಒಳಗಿನಿಂದ ಪರೀಕ್ಷಿಸುವ ಫಲಕ, ತೆರೆಯಿರಿ. ನಂತರ ಕಂಟ್ರೋಲ್, ಶಿಫ್ಟ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡಿವೈಸ್ ಟೂಲ್‌ಬಾರ್ ಬರುತ್ತದೆ. ಫೈರ್‌ಫಾಕ್ಸ್‌ನಲ್ಲೂ ಅದೇ ಮೂರು ಕೀಲಿ. ಫೋನಿನ ಹೆಸರು ಆರಿಸುವ ಬದಲು ‘ರೆಸ್ಪಾನ್ಸಿವ್’ ಎಂಬುದನ್ನು ಆರಿಸಿ, ಅಗಲದ ಚೌಕದಲ್ಲಿ 320 ಎಂದು ಹಾಕಿ. ಪುಟವನ್ನು ಮೇಲಿನಿಂದ ಕೆಳಗಿನ ತನಕ ಪೂರ್ತಿ ಓದಿ. ಆಮೇಲೆ ಬಲಗಡೆಯ ಹಿಡಿಕೆಯನ್ನು ಹಿಡಿದು 1400ರ ತನಕ ನಿಧಾನವಾಗಿ ಎಳೆಯಿರಿ. ಏನಾದರೂ ಅಸಹಜ ಕಂಡ ಕೂಡಲೇ ನಿಲ್ಲಿಸಿ, ಆ ಅಂಕಿ ಬರೆದುಕೊಳ್ಳಿ.

ಹೆಚ್ಚಿನ ತೊಂದರೆ ಸಿಗುವುದು ಹೆಸರುವಾಸಿ ಅಗಲಗಳಲ್ಲಿ ಅಲ್ಲ, ಅವುಗಳ ನಡುವೆ. 768ಕ್ಕೆ ಮೆನು ಅಡ್ಡಸಾಲಾಗುವಂತೆ ಬರೆದಿದ್ದೀರಿ ಎನ್ನಿ. ಮುಖಪುಟ, ನಮ್ಮ ಬಗ್ಗೆ, ಇಂದಿನ ಧಾರಣೆ, ಸದಸ್ಯತ್ವ, ಸಾಲ ಸೌಲಭ್ಯ, ಚಿತ್ರಗಳು, ಸಂಪರ್ಕ, ಈ ಏಳು ಹೆಸರುಗಳ ಸಾಲು ಸುಮಾರು 900ರ ತನಕ ಎರಡು ಸಾಲಾಗಿ ಮುರಿದು ಲೋಗೋ ಮೇಲೆ ಬೀಳಬಹುದು. 768 ಎಂಬುದು ಯಾವುದೋ ಟ್ಯಾಬ್ಲೆಟ್ಟಿನ ಅಳತೆ, ನಿಮ್ಮ ಮೆನುವಿನ ಅಳತೆ ಅಲ್ಲ. ವಿನ್ಯಾಸ ಬದಲಾಗುವ ಅಗಲವನ್ನು, ಅಂದರೆ ಬ್ರೇಕ್‌ಪಾಯಿಂಟನ್ನು, ನಿಮ್ಮ ಪಠ್ಯ ಎಲ್ಲಿ ಇಕ್ಕಟ್ಟಾಗುತ್ತದೋ ಅಲ್ಲಿಗೇ ಇಡಿ. ಪ್ರತಿ ಬ್ರೇಕ್‌ಪಾಯಿಂಟಿನ ಒಂದು ಪಿಕ್ಸೆಲ್ ಕೆಳಗೂ ಒಂದು ಪಿಕ್ಸೆಲ್ ಮೇಲೂ ನಿಲ್ಲಿಸಿ ನೋಡುವುದು ಕಡ್ಡಾಯ. ಒಂದು ನಿಯಮ 768ರ ತನಕ, ಇನ್ನೊಂದು 768ರಿಂದ ಎಂದು ಬರೆದಿದ್ದರೆ ಸರಿಯಾಗಿ 768ರಲ್ಲಿ ಎರಡೂ ಒಟ್ಟಿಗೆ ಅನ್ವಯವಾಗಿ ಮೆನುವೂ ಅದರ ಗುಂಡಿಯೂ ಜೊತೆಯಾಗಿ ಕಾಣುತ್ತವೆ.

ಅಡ್ಡ ಸ್ಕ್ರಾಲ್: ಕಳ್ಳನನ್ನು ಹಿಡಿಯುವ ಬಗೆ

ಪುಟ ಎಡಬಲ ಅಲುಗಾಡುತ್ತಿದ್ದರೆ, ಬಲಗಡೆ ಬಿಳಿ ಪಟ್ಟಿ ಕಂಡರೆ, ಒಳಗಿನ ಯಾವುದೋ ಅಂಶ ಪರದೆಗಿಂತ ಅಗಲವಾಗಿದೆ. ಕಣ್ಣಿಗೆ ಅನುಮಾನವಿದ್ದರೆ ಡೆವ್‌ಟೂಲ್ಸ್‌ನ ಕನ್ಸೋಲ್‌ನಲ್ಲಿ ಡಾಕ್ಯುಮೆಂಟ್ ಎಲಿಮೆಂಟಿನ ಸ್ಕ್ರಾಲ್‌ವಿಡ್ತ್ ಮತ್ತು ಕ್ಲೈಂಟ್‌ವಿಡ್ತ್ ಎರಡನ್ನೂ ಕೇಳಿ. ಮೊದಲನೆಯದು ದೊಡ್ಡದಾಗಿದ್ದರೆ ವ್ಯತ್ಯಾಸವೇ ಹೊರಚಾಚಿದ ಪಿಕ್ಸೆಲ್‌ಗಳ ಸಂಖ್ಯೆ.

ಯಾವ ಅಂಶ ಎಂದು ಹುಡುಕಲು ತಾತ್ಕಾಲಿಕವಾಗಿ ಎಲ್ಲ ಅಂಶಗಳಿಗೂ 1 ಪಿಕ್ಸೆಲ್ ಕೆಂಪು ಔಟ್‌ಲೈನ್ ಕೊಡಿ. ಬಾರ್ಡರ್ ಕೊಡಬೇಡಿ. ಬಾರ್ಡರ್ ಜಾಗ ತಿನ್ನುವುದರಿಂದ ಇಲ್ಲದ ದೋಷ ಹುಟ್ಟುತ್ತದೆ, ಔಟ್‌ಲೈನ್ ಜಾಗ ಕೇಳುವುದಿಲ್ಲ. ಫೈರ್‌ಫಾಕ್ಸ್‌ನ ಇನ್‌ಸ್ಪೆಕ್ಟರ್ ಇನ್ನೂ ಅನುಕೂಲ. ಸ್ಕ್ರಾಲ್ ಆಗುವ ಅಂಶದ ಪಕ್ಕ ‘ಸ್ಕ್ರಾಲ್’ ಎಂಬ ಸಣ್ಣ ಬಿಲ್ಲೆ ಬರುತ್ತದೆ. ಅದನ್ನು ಒತ್ತಿದರೆ ಕಾರಣವಾದ ಅಂಶಗಳನ್ನೇ ತೋರಿಸಿಕೊಡುತ್ತದೆ.

ಸಾಮಾನ್ಯವಾಗಿ ಸಿಕ್ಕಿಬೀಳುವವು ಇವು. ಪಿಕ್ಸೆಲ್ ಲೆಕ್ಕದಲ್ಲಿ ಅಗಲ ಕೊಟ್ಟ ಚಿತ್ರ ಅಥವಾ ಐಫ್ರೇಮ್‌ನಲ್ಲಿ ತಂದ ನಕ್ಷೆ: ಗರಿಷ್ಠ ಅಗಲ 100 ಶೇಕಡಾ ಎಂದರೆ ಮುಗಿಯಿತು. ಒಡೆಯದ ಇಮೇಲ್ ವಿಳಾಸ: ಆ ಅಂಶಕ್ಕೆ ‘ಓವರ್‌ಫ್ಲೋ-ವ್ರ್ಯಾಪ್’ ಗುಣವನ್ನು ‘ಎನಿವೇರ್’ ಎಂದು ಕೊಡಿ. ಇದೇ ಗುಣದ ‘ಬ್ರೇಕ್-ವರ್ಡ್’ ಮೌಲ್ಯ ಸಾಲನ್ನು ಮುರಿಯುತ್ತದೆ, ಆದರೆ ಅಂಶದ ಕನಿಷ್ಠ ಅಗಲದ ಲೆಕ್ಕವನ್ನು ಇಳಿಸುವುದಿಲ್ಲ. ಆದ್ದರಿಂದ ಅಂಶಗಳನ್ನು ಸಾಲಾಗಿ, ಚೌಕಗಳಾಗಿ ಜೋಡಿಸುವ ಫ್ಲೆಕ್ಸ್ ಮತ್ತು ಗ್ರಿಡ್ ಒಳಗೆ ಅದು ಕೈಕೊಡುತ್ತದೆ. ಫ್ಲೆಕ್ಸ್ ಮತ್ತು ಗ್ರಿಡ್ ಅಡಿಯ ಅಂಶಗಳು ತಮ್ಮ ಒಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪದಿರುವುದು ಇನ್ನೊಂದು ಕಾರಣ, ಅವಕ್ಕೆ ಕನಿಷ್ಠ ಅಗಲ 0 ಎಂದು ಕೊಟ್ಟರೆ ಮಣಿಯುತ್ತವೆ. 100 ವಿಡಬ್ಲ್ಯೂ, ಅಂದರೆ ಕಿಟಕಿಯ ಪೂರ್ತಿ ಅಗಲ, ಕೊಟ್ಟ ಪಟ್ಟಿ ಫೋನಿನಲ್ಲಿ ಸರಿಯಾಗಿದ್ದು ವಿಂಡೋಸ್‌ನಲ್ಲಿ ಹೊರಚಾಚುತ್ತದೆ. ಆ ಅಳತೆ ಲಂಬ ಸ್ಕ್ರಾಲ್‌ಬಾರ್‌ನ ಜಾಗವನ್ನೂ ಸೇರಿಸಿಕೊಳ್ಳುವುದೇ ಕಾರಣ. 100 ಶೇಕಡಾ ಎಂದು ಬದಲಿಸಿ.

ಇಡೀ ಪುಟಕ್ಕೆ ಅಡ್ಡ ಓವರ್‌ಫ್ಲೋ ‘ಹಿಡನ್’ ಎಂದು ಹಾಕಿ ಕೈತೊಳೆದುಕೊಳ್ಳುವವರು ಬಹಳ. ಸೋರುವ ಹಂಚಿನ ಕೆಳಗೆ ಬಕೆಟ್ ಇಟ್ಟ ಹಾಗೆ ಅದು. ಹೊರಗೆ ಉಳಿದ ಪಠ್ಯ ಯಾರಿಗೂ ಸಿಗದಂತಾಗುತ್ತದೆ. ಹೊರಗಿನ ಕವಚದ ಅಂಶಕ್ಕೆ ಹಾಕಿದ್ದರೆ ಒಳಗಿನ ‘ಸ್ಟಿಕಿ’ ತಲೆಪಟ್ಟಿಯೂ ಅಂಟಿ ನಿಲ್ಲುವುದನ್ನು ಬಿಡುತ್ತದೆ.

ಧಾರಣೆಯ ಕೋಷ್ಟಕ

ಇದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಬೆಳೆಗಾರರು ಪುಟಕ್ಕೆ ಬರುವುದೇ ಇದನ್ನು ನೋಡಲು. ಶಿವಮೊಗ್ಗ ಮಾರುಕಟ್ಟೆಯ ಸರಕು, ಬೆಟ್ಟೆ, ರಾಶಿ, ಗೊರಬಲು ನಾಲ್ಕು ಸಾಲು. ಬಗೆ, ಆವಕ, ಕನಿಷ್ಠ, ಗರಿಷ್ಠ, ಸರಾಸರಿ ಐದು ಕಂಬಸಾಲು ಎಂದುಕೊಳ್ಳಿ. ಸಾಗರದ ಪಟ್ಟಿ ಸೇರಿಸಿದರೆ ಚಾಲಿ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು ಬಂದು ಹೆಸರುಗಳು ಇನ್ನೂ ಉದ್ದವಾಗುತ್ತವೆ.

360ರ ಪರದೆಯಲ್ಲಿ ಪುಟದ ಅಂಚಿಗೆ ಎರಡೂ ಕಡೆ 16 ಬಿಟ್ಟರೆ 328 ಉಳಿಯಿತು. ಪ್ರತಿ ಕೋಶಕ್ಕೆ ಎಡಬಲ 8 ಪ್ಯಾಡಿಂಗ್ ಎಂದರೆ ಐದಕ್ಕೆ 80 ಹೋಗಿ 248. ಕಂಬಸಾಲಿಗೆ ಸರಾಸರಿ 49.6 ಪಿಕ್ಸೆಲ್ ಮಾತ್ರ. 16 ಪಿಕ್ಸೆಲ್ ಅಕ್ಷರದಲ್ಲಿ ‘ಗೊರಬಲು’ ಇಷ್ಟರಲ್ಲಿ ಕೂರುವುದಿಲ್ಲ, ‘ಸಿಪ್ಪೆಗೋಟು’ ಮಾತೇ ಬೇಡ. ಅಕ್ಷರವನ್ನು 11ಕ್ಕೆ ಇಳಿಸಿ ತುರುಕುವುದು ಪರಿಹಾರವಲ್ಲ, ಒತ್ತಕ್ಷರ ಓದಲಾಗದಂತಾಗುತ್ತದೆ.

ಪ್ರತಿ ಸಾಲನ್ನೂ ಒಂದೊಂದು ಕಾರ್ಡ್ ಮಾಡಿ ಕೆಳಗೆ ಕೆಳಗೆ ಜೋಡಿಸುವುದು ಒಂದು ದಾರಿ. ಧಾರಣೆಗೆ ಅದು ಹೊಂದುವುದಿಲ್ಲ. ರಾಶಿಯನ್ನೂ ಬೆಟ್ಟೆಯನ್ನೂ ಪಕ್ಕಪಕ್ಕ ಹೋಲಿಸುವುದೇ ಓದುಗರ ಕೆಲಸವಾಗಿರುವಾಗ ಕಾರ್ಡ್ ಆ ಹೋಲಿಕೆಯನ್ನೇ ಮುರಿಯುತ್ತದೆ. ಕೋಷ್ಟಕವನ್ನು ಒಂದು ಕವಚದೊಳಗೆ ಇಟ್ಟು, ಕವಚಕ್ಕೆ ಮಾತ್ರ ಅಡ್ಡ ಸ್ಕ್ರಾಲ್ ಕೊಟ್ಟು, ಮೊದಲ ಕಂಬಸಾಲನ್ನು ಎಡಕ್ಕೆ ಅಂಟಿಸಿ ನಿಲ್ಲಿಸುವುದು ಉತ್ತಮ. ಕೋಷ್ಟಕದ ಅಂಶವನ್ನೇ ‘ಬ್ಲಾಕ್’ ಮಾಡಬೇಡಿ, ಹಾಗೆ ಮಾಡಿದರೆ ಸ್ಕ್ರೀನ್ ರೀಡರ್ ಅದನ್ನು ಕೋಷ್ಟಕವೆಂದು ಗುರುತಿಸದೆ ಹೋಗಬಹುದು. ಕವಚಕ್ಕೆ ಟ್ಯಾಬ್‌ಇಂಡೆಕ್ಸ್ 0 ಕೊಟ್ಟರೆ ಕೀಬೋರ್ಡಿನಿಂದಲೂ ಸರಿಸಬಹುದು.

ಪರೀಕ್ಷೆಯಲ್ಲಿ ಮೂರು ಸಂಗತಿ ನೋಡಿ. ಅಂಟಿನಿಂತ ಕಂಬಸಾಲಿಗೆ ಹಿನ್ನೆಲೆ ಬಣ್ಣ ಇದೆಯೇ? ಇಲ್ಲದಿದ್ದರೆ ಸರಿಯುವ ಅಂಕಿಗಳು ಹೆಸರಿನ ಮೇಲೆಯೇ ಹಾದುಹೋಗುತ್ತವೆ. ಸಾವಿರ, ನೂರು, ಹತ್ತರ ಸ್ಥಾನಗಳು ಒಂದರ ಕೆಳಗೊಂದು ನೇರ ನಿಂತಿವೆಯೇ? ಅಂಕಿಗಳನ್ನು ಬಲಕ್ಕೆ ಹೊಂದಿಸಿ, ಫಾಂಟಿನಲ್ಲಿ ಸಮ ಅಗಲದ ಅಂಕಿಗಳಿದ್ದರೆ ‘ಟ್ಯಾಬ್ಯುಲರ್-ನಮ್ಸ್’ ಹಾಕಿ. ಮೂರನೆಯದು ಸುಲಭವಾಗಿ ಕಣ್ತಪ್ಪುತ್ತದೆ. 360ರಲ್ಲಿ ಮೂರನೇ ಕಂಬಸಾಲು ಸರಿಯಾಗಿ ಪರದೆಯ ಅಂಚಿಗೇ ಮುಗಿದರೆ ಬಲಗಡೆ ಇನ್ನೂ ಇದೆ ಎಂಬುದೇ ಓದುಗರಿಗೆ ತಿಳಿಯುವುದಿಲ್ಲ. ಕೋಷ್ಟಕ ಅಷ್ಟೇ ಎಂದುಕೊಂಡು ಸರಾಸರಿ ನೋಡದೆ ಹೋಗುತ್ತಾರೆ. ನಾಲ್ಕನೆಯದು ಅರ್ಧ ಕಾಣುವಂತೆ ಅಗಲಗಳನ್ನು ಹೊಂದಿಸಿ, 390 ಮತ್ತು 412ರಲ್ಲೂ ಅರ್ಧವೇ ಕಾಣುತ್ತದೆಯೇ ನೋಡಿ.

ಕನ್ನಡ ಅಕ್ಷರದ ಎತ್ತರ ಮತ್ತು ಅಗಲ

ಇಂಗ್ಲಿಷ್ ಚೌಕಟ್ಟುಗಳಲ್ಲಿ ಬರುವ 1.2 ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಎಂಬ ಪದಗಳನ್ನು ಎರಡು ಸಾಲಿನ ಶೀರ್ಷಿಕೆಯಲ್ಲಿ ಹಾಕಿ ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಮೈಪಠ್ಯಕ್ಕೆ 1.6ರಿಂದ 1.8, ಶೀರ್ಷಿಕೆಗೆ 1.4 ಇಟ್ಟು ಶುರುಮಾಡಿ. ಬಟನ್‌ಗೆ ಸ್ಥಿರ ಎತ್ತರ ಮತ್ತು ‘ಹಿಡನ್’ ಎರಡೂ ಇದ್ದರೆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ. ಎತ್ತರವನ್ನು ಕನಿಷ್ಠ ಎತ್ತರವಾಗಿ ಬದಲಿಸಿ.

‘ವರ್ಡ್-ಬ್ರೇಕ್’ಗೆ ‘ಬ್ರೇಕ್-ಆಲ್’ ಕೊಡಬೇಡಿ. ಪದ ಎಲ್ಲೆಂದರಲ್ಲಿ ಮುರಿಯುತ್ತದೆ. ಒತ್ತಕ್ಷರವೇ ಒಡೆದು ‘ತೀರ್ಥಹಳ್’ ಒಂದು ಸಾಲಿನಲ್ಲಿ, ‘ಳಿ’ ಮುಂದಿನ ಸಾಲಿನಲ್ಲಿ ಬೀಳಬಹುದು. ಶೀರ್ಷಿಕೆಯಲ್ಲಿ ಪದೇಪದೇ ಬರುವ ಉದ್ದ ಪದಗಳಿಗೆ ಸರಿಯಾದ ಜಾಗದಲ್ಲಿ ನೀವೇ ಸಾಫ್ಟ್ ಹೈಫನ್ ಇಡುವುದು ಲೇಸು. ಅಕ್ಷರಗಳ ನಡುವಿನ ಅಂತರ, ಅಂದರೆ ಲೆಟರ್-ಸ್ಪೇಸಿಂಗ್, ಕನ್ನಡದಲ್ಲಿ ಸೊನ್ನೆಯೇ ಇರಲಿ.

ಫಾಂಟ್ ವಿಷಯದಲ್ಲಿ ಎಮ್ಯುಲೇಟರ್, ಅಂದರೆ ಡೆವ್‌ಟೂಲ್ಸ್‌ನ ಈ ಫೋನ್ ಅನುಕರಣೆ, ನಿಮಗೆ ಸತ್ಯ ಹೇಳುವುದಿಲ್ಲ. ಡೆವ್‌ಟೂಲ್ಸ್‌ನಲ್ಲಿ ಫೋನ್ ಆರಿಸಿದರೆ ಬದಲಾಗುವುದು ಅಗಲ, ಪಿಕ್ಸೆಲ್ ಅನುಪಾತ, ಸ್ಪರ್ಶ ಮತ್ತು ಬ್ರೌಸರಿನ ಗುರುತು ಇಷ್ಟೇ. ಅಕ್ಷರ ಮಾತ್ರ ನಿಮ್ಮ ಕಂಪ್ಯೂಟರಿನದು. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್ ಇರುತ್ತವೆ. ಒಂದೇ ವಾಕ್ಯ ಒಂದರಲ್ಲಿ ಒಂದು ಸಾಲಿಗೆ ಮುಗಿದು ಇನ್ನೊಂದರಲ್ಲಿ ಎರಡಾಗುತ್ತದೆ. ನಿಮ್ಮದೇ ವೆಬ್‌ಫಾಂಟ್ ಬಳಸಿದರೂ ಅದು ಇಳಿಯುವ ತನಕ ಇವೇ ಕಾಣುವವು. ಹಾಗೆಯೇ ಐಫೋನ್ ಎಂದು ಆರಿಸಿದರೂ ಪುಟ ಬಿಡಿಸುತ್ತಿರುವುದು ಕ್ರೋಮ್‌ನ ಎಂಜಿನ್, ಸಫಾರಿಯದಲ್ಲ.

ದೊಡ್ಡ ಅಕ್ಷರ ಇಟ್ಟುಕೊಂಡವರು

ಮನೆಯ ಹಿರಿಯರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಿರುವುದು ಸಾಮಾನ್ಯ. ಅದರಿಂದ 360ರ ಪರದೆ 280ರಷ್ಟೇ ಇಕ್ಕಟ್ಟಾದೀತು. ಕಂಪ್ಯೂಟರಿನಲ್ಲಿ ಕ್ರೋಮ್ ಸೆಟ್ಟಿಂಗ್ಸ್‌ನ ಅಪಿಯರೆನ್ಸ್ ವಿಭಾಗಕ್ಕೆ ಹೋಗಿ ಅಕ್ಷರ ಗಾತ್ರವನ್ನು ‘ವೆರಿ ಲಾರ್ಜ್’ ಮಾಡಿ. ಮೂಲ ಗಾತ್ರ 16ರಿಂದ 24ಕ್ಕೆ ಏರುತ್ತದೆ. ನಿಮ್ಮ ಪಠ್ಯ ಅಲುಗದೆ ನಿಂತಿದ್ದರೆ ಗಾತ್ರವನ್ನು ಪಿಕ್ಸೆಲ್‌ನಲ್ಲಿ ಬರೆದಿದ್ದೀರಿ ಎಂದರ್ಥ, ಮೂಲ ಗಾತ್ರವನ್ನು ಅನುಸರಿಸುವ ರೆಮ್ ಅಳತೆಗೆ ಬದಲಿಸಿ. ಮೀಡಿಯಾ ಕ್ವೆರಿಗಳನ್ನು ಅಂಥದೇ ಎಮ್ ಅಳತೆಯಲ್ಲಿ ಬರೆದಿದ್ದರೆ ದೊಡ್ಡ ಅಕ್ಷರ ಇಟ್ಟವರಿಗೆ ತಾನಾಗಿಯೇ ಕಿರಿದಾದ ವಿನ್ಯಾಸ ಸಿಗುತ್ತದೆ. ಆಮೇಲೆ 200 ಶೇಕಡಾ ಝೂಮ್‌ನಲ್ಲೂ 400ರಲ್ಲೂ ಪುಟವನ್ನು ಒಮ್ಮೆ ಓದಿ.

ಎತ್ತರ, ಕೀಬೋರ್ಡ್, ಬೆರಳು

ಅಗಲವನ್ನಷ್ಟೇ ನೋಡಿ ಎತ್ತರ ಮರೆಯುವುದು ದೊಡ್ಡ ತಪ್ಪು. ಫೋನನ್ನು ಅಡ್ಡ ಹಿಡಿದಾಗ ಎತ್ತರ 360ಕ್ಕೆ ಇಳಿಯುತ್ತದೆ, ಅದರಲ್ಲೂ ಬ್ರೌಸರಿನ ಪಟ್ಟಿ ಸ್ವಲ್ಪ ತಿನ್ನುತ್ತದೆ. ನಿಮ್ಮ ಅಂಟಿನಿಂತ ತಲೆಪಟ್ಟಿ 80, ಕೆಳಗಿನ ‘ಕರೆ ಮಾಡಿ’ ಪಟ್ಟಿ 64 ಎಂದರೆ ಓದಲು ಉಳಿಯುವುದು ಕಿಟಕಿಯ ಸಂದಿನಷ್ಟು ಜಾಗ. ಎಮ್ಯುಲೇಟರಿನಲ್ಲಿ 800 ಅಗಲ, 360 ಎತ್ತರ ಹಾಕಿ ನೋಡಿ. ಎತ್ತರ 450ಕ್ಕಿಂತ ಕಡಿಮೆಯಾದಾಗ ತಲೆಪಟ್ಟಿಯನ್ನು ಅಂಟಿಸದೆ ಬಿಡುವ ಮೀಡಿಯಾ ಕ್ವೆರಿ ಬರೆಯಿರಿ.

ಮುಖಪುಟದ ಚಿತ್ರಕ್ಕೆ 100 ವಿಎಚ್, ಅಂದರೆ ಪರದೆಯ ಪೂರ್ತಿ ಎತ್ತರ, ಕೊಟ್ಟಿದ್ದರೆ ಫೋನಿನಲ್ಲಿ ಚಿತ್ರದ ಬುಡದಲ್ಲಿರುವ ಬಟನ್ ವಿಳಾಸಪಟ್ಟಿಯ ಎತ್ತರದಷ್ಟು ಕೆಳಗೆ ಮುಳುಗಿರುತ್ತದೆ. ಆ ಪಟ್ಟಿ ಸರಿದುಹೋದ ಮೇಲಿನ ಎತ್ತರವನ್ನೇ ವಿಎಚ್ ಲೆಕ್ಕ ಹಿಡಿಯುತ್ತದೆ. ಪಟ್ಟಿ ಕಾಣುತ್ತಿರುವಾಗಿನ ಎತ್ತರವನ್ನು ಹಿಡಿಯುವ ಎಸ್‌ವಿಎಚ್ ಬಳಸಿ. ಈ ದೋಷ ಎಮ್ಯುಲೇಟರಿನಲ್ಲಿ ಕಾಣುವುದೇ ಇಲ್ಲ, ಅಲ್ಲಿ ವಿಳಾಸಪಟ್ಟಿಯೇ ಇರುವುದಿಲ್ಲ.

ಚಿತ್ರದ ಕತ್ತರಿಯನ್ನೂ ನೋಡಿ. 1600 ಅಗಲ, 600 ಎತ್ತರದ ಜೋಗದ ಚಿತ್ರವನ್ನು 360 ಅಗಲ, 400 ಎತ್ತರದ ಚೌಕಟ್ಟಿಗೆ ‘ಕವರ್’ ಎಂದು ತುಂಬಿದರೆ ಕಾಣುವುದು ಅದರ ಮೂರನೇ ಒಂದು ಭಾಗ ಮಾತ್ರ. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಇದ್ದ ಚಿತ್ರದಲ್ಲಿ ಅಂಚಿನ ಧಾರೆಗಳು ಹೊರಗೆ ಉಳಿಯುತ್ತವೆ. ಫೋನಿಗೆ ಲಂಬವಾಗಿ ಕತ್ತರಿಸಿದ ಬೇರೆ ಚಿತ್ರವನ್ನು ‘ಪಿಕ್ಚರ್’ ಅಂಶದಲ್ಲಿ ಕೊಡಿ. ಯಾವ ಕಡತ ಇಳಿಯಿತು ಎಂದು ನೆಟ್‌ವರ್ಕ್ ಫಲಕದಲ್ಲಿ ನೋಡುವಾಗ ‘ಡಿಸೇಬಲ್ ಕ್ಯಾಶ್’ ಗುರುತು ಹಾಕಿ ಪುಟ ಮರುಲೋಡ್ ಮಾಡಿ. ಪರದೆಗೆ ತಕ್ಕ ಕಡತವನ್ನು ಬ್ರೌಸರೇ ಆರಿಸುವ ‘ಎಸ್‌ಆರ್‌ಸಿ-ಸೆಟ್’ ಬಳಸಿದ ಚಿತ್ರಗಳಲ್ಲಿ ಇದು ಇನ್ನೂ ಮುಖ್ಯ. ದೊಡ್ಡ ಪರದೆಯಲ್ಲಿ ಒಮ್ಮೆ ಇಳಿದ ದೊಡ್ಡ ಕಡತವನ್ನೇ ಕ್ರೋಮ್ ಚಿಕ್ಕ ಪರದೆಗೂ ಬಳಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಅರ್ಜಿಯ ಪುಟದಲ್ಲಿ ಪ್ರತಿ ಖಾನೆಯನ್ನೂ ಮುಟ್ಟಿ, ಕೀಬೋರ್ಡ್ ತೆರೆದ ಸ್ಥಿತಿಯಲ್ಲೇ ಪರೀಕ್ಷಿಸಿ. ಖಾನೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನಿನ ಸಫಾರಿ ತಾನೇ ಝೂಮ್ ಮಾಡಿಬಿಡುತ್ತದೆ, ಪುಟ ಪಕ್ಕಕ್ಕೆ ಜರುಗುತ್ತದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ 108ನೇ ಆವೃತ್ತಿಯಿಂದ ಕೀಬೋರ್ಡ್ ಪುಟದ ವಿನ್ಯಾಸವನ್ನು ಕುಗ್ಗಿಸದೆ ಮೇಲೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಪರದೆಯ ತಳಕ್ಕೆ ಅಂಟಿಸಿದ ‘ಸಲ್ಲಿಸಿ’ ಬಟನ್ ಕೀಬೋರ್ಡಿನ ಹಿಂದೆ ಮಾಯವಾಗಬಹುದು. ಬಟನನ್ನು ಅರ್ಜಿಯ ಕೊನೆಗೇ ಇಡುವುದು ಸರಳ ದಾರಿ. ಮುಟ್ಟುವ ಜಾಗಕ್ಕೆ 2023ರ ಡಬ್ಲ್ಯೂಸಿಎಜಿ 2.2 ಹೇಳುವ ಕನಿಷ್ಠ 24 ಗುಣಿಸು 24 ಪಿಕ್ಸೆಲ್. ಮಳೆಗಾಲದ ಒದ್ದೆ ಬೆರಳಿಗೆ 48 ಇರಲಿ, ಎರಡು ಬಟನ್‌ಗಳ ನಡುವೆ 8 ಬಿಡಿ.

ನಿಜವಾದ ಫೋನ್, ನಿಜವಾದ ಸಿಗ್ನಲ್

ಇಷ್ಟಾದ ಮೇಲೆ ಕೈಯಲ್ಲಿರುವ ಫೋನಿನಲ್ಲಿ ನೋಡಲೇಬೇಕು. ಎರಡು ಸಾಕು: ಮೂರು ನಾಲ್ಕು ವರ್ಷ ಹಳೆಯ ಅಗ್ಗದ ಆಂಡ್ರಾಯ್ಡ್ ಒಂದು, ಯಾರದಾದರೂ ಐಫೋನ್ ಒಂದು. ಭಾರತದಲ್ಲಿ ಐಫೋನಿನ ಕ್ರೋಮ್ ಕೂಡ ಒಳಗೆ ಸಫಾರಿಯ ವೆಬ್‌ಕಿಟ್ ಎಂಜಿನ್ನೇ, ಹಾಗಾಗಿ ಅದರಲ್ಲಿ ಎರಡೆರಡು ಬಾರಿ ಪರೀಕ್ಷಿಸುವ ಅಗತ್ಯ ಕಡಿಮೆ.

ಕಂಪ್ಯೂಟರಿನಲ್ಲಿರುವ ಪುಟವನ್ನು ವೈಫೈ ಇಲ್ಲದೆಯೂ ಯುಎಸ್‌ಬಿ ತಂತಿಯಲ್ಲಿ ಫೋನಿಗೆ ತರಬಹುದು:

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಬಿಲ್ಡ್ ನಂಬರ್’ ಹುಡುಕಿ ಏಳು ಬಾರಿ ತಟ್ಟಿ. ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ.
2. ಅದರಲ್ಲಿ ‘ಯುಎಸ್‌ಬಿ ಡೀಬಗಿಂಗ್’ ಆನ್ ಮಾಡಿ, ತಂತಿ ಜೋಡಿಸಿ, ಫೋನಿನಲ್ಲಿ ಬರುವ ಅನುಮತಿಗೆ ಒಪ್ಪಿ.
3. ಕಂಪ್ಯೂಟರಿನ ಕ್ರೋಮ್‌ನಲ್ಲಿ ‘ಇನ್‌ಸ್ಪೆಕ್ಟ್’ ಪುಟ (chrome://inspect) ತೆರೆದು ‘ಪೋರ್ಟ್ ಫಾರ್ವರ್ಡಿಂಗ್’ ಒತ್ತಿ, ನಿಮ್ಮ ಸರ್ವರ್ ಓಡುತ್ತಿರುವ ಪೋರ್ಟ್, ಉದಾಹರಣೆಗೆ 8000, ಕೊಡಿ.
4. ಫೋನಿನ ಕ್ರೋಮ್‌ನಲ್ಲಿ ಲೋಕಲ್‌ಹೋಸ್ಟ್ ವಿಳಾಸವನ್ನು ಅದೇ ಪೋರ್ಟಿನೊಡನೆ ತೆರೆಯಿರಿ. ಕಂಪ್ಯೂಟರಿನಲ್ಲಿ ಅದೇ ಪುಟವನ್ನು ತಡಕಿ ನೋಡಬಹುದು.

ಫೋನ್ ಪಟ್ಟಿಯಲ್ಲಿ ಕಾಣದಿದ್ದರೆ ಬಹುಪಾಲು ತಂತಿಯೇ ತಪ್ಪು. ಚಾರ್ಜ್ ಮಾತ್ರ ಆಗುವ ತಂತಿಗಳಲ್ಲಿ ಡೇಟಾ ಹರಿಯುವುದಿಲ್ಲ.

ಆಗುಂಬೆ, ನಿಟ್ಟೂರು ಕಡೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ನೆಟ್‌ವರ್ಕ್ ಫಲಕದಲ್ಲಿ ‘3ಜಿ’ ಆರಿಸಿ ಪುಟ ತುಂಬುವುದನ್ನು ಸುಮ್ಮನೆ ನೋಡುತ್ತ ಕೂತುಕೊಳ್ಳಿ. ಚಿತ್ರ ಬಂದಾಗ ಪಠ್ಯ ಕೆಳಕ್ಕೆ ಜಿಗಿಯುತ್ತಿದ್ದರೆ ಚಿತ್ರಗಳಿಗೆ ಅಗಲ ಎತ್ತರ ಕೊಟ್ಟಿಲ್ಲ. ಫಾಂಟ್ ಬಂದಾಗ ಸಾಲುಗಳು ಕದಲುತ್ತಿದ್ದರೆ ತಾತ್ಕಾಲಿಕ ಫಾಂಟಿಗೂ ನಿಮ್ಮದಕ್ಕೂ ಅಗಲ ಹೊಂದುತ್ತಿಲ್ಲ. ಧಾರಣೆಯ ಅಂಕಿ ಚಿತ್ರಕ್ಕಿಂತ ಮೊದಲು ಬರಬೇಕು.

ದೊಡ್ಡ ಪರದೆಗೆ ಹೆಚ್ಚು ಹೊತ್ತು ಬೇಡ. 1920ರಲ್ಲಿ ಪಠ್ಯದ ಸಾಲು ಗೋಡೆಯಿಂದ ಗೋಡೆಗೆ ಹಬ್ಬಿದ್ದರೆ ಗರಿಷ್ಠ ಅಗಲ ಸುಮಾರು 40 ರೆಮ್ ಇಡಿ.

ದೋಷ ಸಿಕ್ಕಾಗ ‘ಮೊಬೈಲಲ್ಲಿ ಸರಿಯಿಲ್ಲ’ ಎಂದು ಬರೆದರೆ ಸರಿಪಡಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: ಧಾರಣೆ ಪುಟ, 360 ಗುಣಿಸು 800, ಆಂಡ್ರಾಯ್ಡ್ ಕ್ರೋಮ್, ಫೋನಿನ ಅಕ್ಷರ ಗಾತ್ರ ದೊಡ್ಡದು, ‘ಕೆಂಪುಗೋಟು’ ಸಾಲಿನಲ್ಲಿ ಹೆಸರು ಆವಕದ ಅಂಕಿಯ ಮೇಲೆ ಬಿದ್ದಿದೆ, 374ರಿಂದ ಮೇಲೆ ಸರಿಯಾಗುತ್ತದೆ. ಜೊತೆಗೆ ಸ್ಕ್ರೀನ್‌ಶಾಟ್ ಇಡಿ. ಸರಿಪಡಿಸಿದ ಮೇಲೆ ಅದೇ ಅಗಲದಲ್ಲಿ, ಅದೇ ಅಕ್ಷರ ಗಾತ್ರದಲ್ಲಿ ಮತ್ತೊಮ್ಮೆ ನೋಡಿ. ಆನಂತರ 320ರಿಂದ ಇನ್ನೊಮ್ಮೆ ಎಳೆಯಿರಿ, ಒಂದು ಕಡೆ ಹಾಕಿದ ತೇಪೆ ಇನ್ನೊಂದು ಕಡೆ ಹರಿದಿರಬಹುದು.